ಎಪ್ಪತ್ತೈದು ದಾಟಿದವರ ಈಜು

ಎಡಗಿವಿಯೊಳಗೆ ನೀರು ಗುಳುಗುಳು ಎಂದಿತು, ಹಾಳಾದ ಟೋಪಿ ಸಡಿಲವಾಗಿದೆ, ಇರಲಿ, ಕೈ ಚಾಚು, ಎಳೆ, ಉಸಿರು — ಬಲಕ್ಕೆ ಹೊರಳಿದಾಗ ಕೊಳದಂಚಿನಲ್ಲಿ ಅಳಿಯನ ಕೆಂಪು ಅಂಗಿ, ಬೆಳಿಗ್ಗೆ ಕಾರಿನಲ್ಲಿ ಅವನೇ ತಾನೇ ಹೇಳಿದ್ದು, ಅತ್ತೆ, ಈಜಿನ ದಾಖಲೆಗಳನ್ನ ಇನ್ನು ಹೆಚ್ಚು ಕಾಲ ಮುರಿಯೋಕಾಗಲ್ಲ, ಮನುಷ್ಯನ ಮೈಗೂ ಒಂದು ಮಿತಿ ಇದೆಯಲ್ಲ, ಡಾಕ್ಟರ್ ಅಳಿಯ ಮಹಾಶಯನಿಗೆ ಎಲ್ಲದರ ಮಿತಿಯೂ ಗೊತ್ತು, ಉಪ್ಪಿನದು, ಸಕ್ಕರೆಯದು, ಅತ್ತೆಯದೊಂದು ಬಿಟ್ಟು, ಅವಳಿಗೆ ನೀರೊಳಗೇ ನಗು ಬಂತು, ಒಂದು ಗುಟುಕು ಒಳಗಿಳಿಯಿತು, ಮಿತಿಯಂತೆ, ಅವಳಿಗೂ ನರ್ಸಮ್ಮನಿಗೂ ಮಿತಿ ಬಂದು ಯಾವ ಕಾಲವಾಯಿತೋ, ಮಂಡಿನೋವು ಕಳೆಯಲೆಂದು ನೀರಿಗಿಳಿದ ಇಬ್ಬರು ಮುದುಕಿಯರು, ಇವಳು ನಿವೃತ್ತ ಲೆಕ್ಕದ ಟೀಚರು, ಅವಳು ನಿವೃತ್ತ ನರ್ಸು, ಮೈ ವರ್ಷವರ್ಷವೂ ನಿಧಾನವಾಗುತ್ತಲೇ ಇತ್ತು, ಆದರೆ ಹಿರಿಯರ ಸ್ಪರ್ಧೆಯಲ್ಲಿ ಐದೈದು ವರ್ಷಕ್ಕೊಂದು ಹೊಸ ವಿಭಾಗ, ಮುರಿಯುವುದಕ್ಕೆ ಹೊಸ ದಾಖಲೆ, ಈ ಸಲ ನಿನ್ನದು, ಬರುವ ಸಲ ನನ್ನದು, ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬರ ಬೆನ್ನೊಬ್ಬರು ಒರೆಸುತ್ತ, ಬೇಜಾರಾಯ್ತಾ ಟೀಚರ್, ಬೇಜಾರೇನಿಲ್ಲ, ಸ್ವಲ್ಪ ಹೊಟ್ಟೆ ಉರೀತಿದೆ ಅಷ್ಟೆ.

ತಿರುವು, ಕಾಲು ಗೋಡೆಗೆ, ಒದೆ — ಎಪ್ಪತ್ತೈದು ದಾಟಿದವರ ದಾಖಲೆ ನರ್ಸಮ್ಮನದು, ಹೋದ ವರ್ಷದ್ದು, ಫಲಕದ ಮೇಲೆ ಅವಳ ಹೆಸರು ಇನ್ನೂ ಇದೆ, ಅವಳಿಲ್ಲ, ನಿಧಾನ ಮಾಡಿಬಿಡಲೇ, ಈ ವಯಸ್ಸಿನಲ್ಲಿ ಯಾಕೆ ಅಂತ ಯಾರು ಕೇಳುತ್ತಾರೆ, ಹೆಸರಾದರೂ ಉಳಿಯಲಿ, ಕೈ ತಾನಾಗಿ ಸಡಿಲವಾಯಿತು, ಆಸ್ಪತ್ರೆಯ ಮಂಚ, ಮೂಗಿಗೆ ನಳಿಗೆ, ತಾನೇ ರೋಗಿಯಾಗಿ ಮಲಗಿದ್ದರೂ ಅಭ್ಯಾಸಬಲದಿಂದ ಇವಳ ನಾಡಿ ಹಿಡಿದ ಬೆರಳು, ನನ್ನ ಹೆಸರು ಇರಲಿ ಅಂತ ನಿಧಾನ ಗಿಧಾನ ಮಾಡೀರಾ ಟೀಚರ್, ನಂಗೆ ಅವಮಾನ ಅದು, ಸರಿಯಾಗಿ ಈಜಿ — ಆಯ್ತು ಮಹರಾಯ್ತಿ, ಆಯ್ತು, ಎಳೆದಳು, ಭುಜ ಕಿತ್ತು ಬರುವ ಹಾಗೆ ಎಳೆದಳು, ಎದೆ ಬಾಯಿಗೆ ಬಂತು, ಕಣ್ಣು ಕತ್ತಲಿಟ್ಟಿತು, ಬೆರಳಿಗೆ ಗೋಡೆ ಸಿಕ್ಕಿತು, ಮೇಲೆ ಕೆಂಪು ಅಂಗಿ ಕುಣಿಯುತ್ತಿದೆ, ಮುರಿದ್ರಿ ಅತ್ತೆ, ಮುರಿದೇಬಿಟ್ರಿ, ಹೌದು, ಫಲಕದಲ್ಲಿ ತನ್ನದೇ ಹೆಸರು, ಸರಿ, ಇದನ್ನಿನ್ನು ಯಾರು ಮುರಿಯಬೇಕು, ಅವಳು ಪಕ್ಕಕ್ಕೆ ತಿರುಗಿದಳು, ಗೋಡೆ ಕಡೆಯ ನರ್ಸಮ್ಮನ ಸಾಲಿನಲ್ಲಿ ಇವತ್ತು ಯಾರೂ ಇಳಿದಿರಲಿಲ್ಲ, ತಾನೇ ಎಬ್ಬಿಸಿದ ಅಲೆ ಹಗ್ಗದಡಿ ನುಸುಳಿ, ಖಾಲಿ ಸಾಲು ದಾಟಿ, ಗೋಡೆಗೆ ತಾಗಿ, ತಿರುಗಿ ಬಂದು ಅವಳ ಎದೆಗೆ ಬಡಿಯಿತು, ಮತ್ತೆ ಹೋಯಿತು, ಗೋಡೆಗೆ ತಾಗಿತು, ಮತ್ತೆ ಬಂತು