ಹೆಸರು ಹಿಡಿದು ಹೇಳಬೇಕು

ಪಂಚಾಯ್ತಿ ಅಧ್ಯಕ್ಷರನ್ನು ಆರಿಸಲು ಕಲ್ಯಾಣದುರ್ಗದಿಂದ ತೆಲುಗು ಮಾತಿನ ಅಧಿಕಾರಿ ಕೇಶವಯ್ಯ ಬಂದಿದ್ದರು. ಚಾವಡಿಯೊಳಗೆ ಐವರು ಸದಸ್ಯರು. ಹೊರಗೆ ಬಿಸಿಲಲ್ಲಿ ಖಾಲಿ ಕೊಡ ಹಿಡಿದ ನಾವು ಹೆಂಗಸರು. ಸರ್ಕಾರ ನಮ್ಮೂರಿಗೆ ಕುಡಿಯುವ ನೀರಿನ ಬಾವಿ ಕೊಟ್ಟಿತ್ತು. ಅದನ್ನು ಎಲ್ಲಿ ತೋಡಬೇಕೆಂದು ಹೇಳುವವರು ಅಧ್ಯಕ್ಷರು. ಹಳ್ಳದ ಮರಳಲ್ಲಿ ಒರತೆ ತೋಡಿ ತೋಡಿ ನಮ್ಮ ಉಗುರು ಸವೆದಿದ್ದವು. ನಮಗೆ ಬಾವಿ ನಾವಿರುವ ಕೆಳಗೇರಿಯಲ್ಲೇ ಬೇಕಿತ್ತು.

ಸದಸ್ಯರಲ್ಲಿ ಅಧ್ಯಕ್ಷಗಿರಿಗೆ ನಿಂತವರು ಇಬ್ಬರು. ರೈತ ಪೆದ್ದಣ್ಣನಿಗೆ ಬಾವಿ ತನ್ನ ತೋಟದ ಬೇಲಿಯ ಪಕ್ಕ ಬೇಕು. ಕಡಲೆಕಾಯಿ ವ್ಯಾಪಾರಿ ಅಮರೇಶಪ್ಪನಿಗೆ ತನ್ನ ಮಂಡಿಯ ಮುಂದೆ. ಪೋತಪ್ಪ ಪೆದ್ದಣ್ಣನ ಕಡೆ, ಕರಿಸಿದ್ದಪ್ಪ ಅಮರೇಶಪ್ಪನ ಕಡೆ. ಐದನೆಯವಳು ಅಮರೇಶಪ್ಪನ ಹೆಂಡತಿ ಗುರುಶಾಂತಮ್ಮ, ಹಿಂದೂಪುರದ ಮಗಳು. ತನಗೊಂದು ಓಟು ಹೆಚ್ಚಿರಲೆಂದು ಅವಳನ್ನು ಸದಸ್ಯೆ ಮಾಡಿಸಿದ್ದು ಗಂಡನೇ. ಮಹಾ ಬುದ್ಧಿವಂತ!

"ನಿಮ್ಮ ಓಟು ಯಾರಿಗೋ ಪೇರು ಗಟ್ಟಿಗಾ ಚೆಪ್ಪಾಲಿ. ಹೆಸರು ಹಿಡಿದು ಹೇಳಬೇಕು," ಎಂದರು ಕೇಶವಯ್ಯ.

ಗಂಡಸರು ನಾಲ್ವರೂ ಹೇಳಿದರು. ಎರಡು, ಎರಡು. ಗುರುಶಾಂತಮ್ಮನ ಸರದಿ ಬಂತು. ಅವಳ ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದ ಊರು ನಮ್ಮದು. ಅಷ್ಟೆಲ್ಲ ಲೆಕ್ಕ ಹಾಕಿದ್ದ ಅಮರೇಶಪ್ಪನಿಗೆ ಇದೊಂದು ಮರೆತೇ ಹೋಗಿತ್ತು.

"ಮನೆಯೋರಿಗೆ ಅಂತ ಬರ್ಕಳಿ ಸ್ವಾಮಿ," ಎಂದ ಕರಿಸಿದ್ದಪ್ಪ.

"ಕುದರದು, ಹಾಗೆಲ್ಲ ಆಗಲ್ಲ. ಪೇರು ಚೆಪ್ಪಂಡಮ್ಮಾ."

"ಹೇಳೇ! ನಾನೇ ಹೇಳು ಅಂತಿವ್ನಲ್ಲ," ಅಮರೇಶಪ್ಪ ಹಲ್ಲು ಕಡಿದ.

ಪೆದ್ದಣ್ಣ ನಕ್ಕ. "ನನ್ನೆಸ್ರು ಹೇಳ್ಬುಡಕ್ಕ. ಅದಕ್ಕೇನೂ ಅಡ್ಡಿಯಿಲ್ಲ."

ಇಬ್ಬರಲ್ಲಿ ಯಾರ ಹೆಸರು ಬಂದರೂ ಬಾವಿ ನಮ್ಮ ಕೈ ತಪ್ಪುತ್ತಿತ್ತು. ಅವಳು ಒಮ್ಮೆ ಬಾಗಿಲಾಚೆ ನಮ್ಮನ್ನು, ನಮ್ಮ ಖಾಲಿ ಕೊಡಗಳನ್ನು ನೋಡಿದಳು.

"ಗುರುಶಾಂತಮ್ಮ," ಎಂದಳು.

"ನಿಮ್ಮ ಹೆಸರಲ್ಲಮ್ಮಾ, ಓಟು ಯಾರಿಗೆ?"

"ಅವಳಿಗೇ ಸ್ವಾಮಿ. ನಾನೂ ಮೆಂಬರೇ ಅಲ್ವಾ?"

ಚಾವಡಿಯಲ್ಲಿ ಗದ್ದಲವೆದ್ದಿತು. ಯಾರಿಗೂ ಬಹುಮತವಿಲ್ಲ, ಮತ್ತೆ ಹೇಳಿ, ಈ ಸಲವೂ ಸಮ ಬಂದರೆ ಚೀಟಿ ಎತ್ತುವುದೇ ಎಂದರು ಕೇಶವಯ್ಯ. ಪೆದ್ದಣ್ಣ, ಪೋತಪ್ಪ ಜಗ್ಗಲಿಲ್ಲ. ಗುರುಶಾಂತಮ್ಮನೂ ಜಗ್ಗಲಿಲ್ಲ. ನನ್ನ ಪಕ್ಕದಲ್ಲಿದ್ದ ನಾರಮ್ಮ ಕೊಡವನ್ನು ಮೆಟ್ಟಿಲ ಮೇಲೆ ಕುಕ್ಕಿ ಗಂಡ ಕರಿಸಿದ್ದಪ್ಪನನ್ನು ದುರುಗುಟ್ಟಿ ನೋಡಿದಳು. ಅವನು ಕತ್ತು ಕೆರೆದುಕೊಂಡ.

"ನಂದು... ಗುರುಶಾಂತಕ್ಕಂಗೆ."

ಅಮರೇಶಪ್ಪನ ಮುಖ ಕಪ್ಪಿಟ್ಟಿತು. ಪೆದ್ದಣ್ಣನಿಗೆ ಎರಡು, ಅವಳಿಗೆ ಎರಡು. ಉಳಿದದ್ದು ಅವನೊಬ್ಬನ ಮಾತು. ತನ್ನ ಹೆಸರನ್ನೇ ಹೇಳಿಕೊಂಡರೆ ಕೇಶವಯ್ಯ ಚೀಟಿ ಎತ್ತುತ್ತಾರೆ, ಬಾವಿ ಪೆದ್ದಣ್ಣನ ಬೇಲಿ ಸೇರಿದರೂ ಸೇರಬಹುದು. ಅದನ್ನು ಅವನು ಸತ್ತರೂ ಸಹಿಸುವವನಲ್ಲ.

"ನಂದು ಇವಳಿಗೆ."

"ಪೇರು?"

"ಅದೇ ಸ್ವಾಮಿ, ನಮ್ಮ ಹುಡುಗನ ತಾಯಿಗೆ."

"ಪೇರು ಚೆಪ್ಪಯ್ಯಾ!"

ಮದುವೆಯಾದಂದಿನಿಂದ ಅವಳು ಅವನಿಗೆ 'ಲೇ', 'ಇವಳೇ', 'ಎಲ್ಲಿ ಸತ್ತೆ'. ಹೆಸರಿನಿಂದ ಕರೆದದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡುತ್ತ ಕುಳಿತಳು.

"ಗುರುಶಾಂತಮ್ಮ," ಎಂದ ಅವನು, ನೆಲ ನೋಡುತ್ತ.

"ಕೇಳಿಸ್ಲಿಲ್ಲ," ಎಂದರು ಯಾರೋ. ಕೇಶವಯ್ಯನಲ್ಲ, ಅವಳೇ.

ಅವನು ತಲೆಯೆತ್ತಿ ಮತ್ತೆ ಹೇಳಿದ. ಈ ಸಲ ಹೊರಗಿದ್ದ ನಮಗೂ ಕೇಳಿಸಿತು.