ಭಾವನ ಎದುರು ನಿಂತ ಅಕ್ಕ

ನಮ್ಮ ಭಾವ ಎಷ್ಟು ಕಾಲ ಮೇಯರ್ ಆಗಿದ್ದರೆಂದರೆ, ಊರಿನ ಮಕ್ಕಳು ‘ಮೇಯರ್’ ಎನ್ನುವುದು ಅವರಿಗೆ ಹೆತ್ತ ತಾಯಿ ಇಟ್ಟ ಹೆಸರೆಂದೇ ತಿಳಿದಿದ್ದರು. ಅವರ ಜೀಪು ಓಡಿಸುತ್ತಿದ್ದವನು ನಾನು, ಅವರ ಹೆಂಡತಿಯ ಒಡಹುಟ್ಟಿದ ತಮ್ಮ. ಓಡಿಸುವುದು ಎಂದರೆ ದೊಡ್ಡ ಮಾತಾಯಿತು. ಭಾವ ಜೀಪು ಹತ್ತುತ್ತಲೇ ಇರಲಿಲ್ಲ. ಅವರು ಮುಂದೆ ನಡೆಯುತ್ತಿದ್ದರು, ನಾನು ಖಾಲಿ ಜೀಪನ್ನು ಹಿಂದೆ ತೆವಳಿಸುತ್ತಿದ್ದೆ. ಒಮ್ಮೆ ಆಮೆಯೊಂದು ನನ್ನನ್ನು ದಾಟಿಕೊಂಡು ಹೋಯಿತು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆ ಬೆಳಗುಗಳನ್ನು ನೆನೆದರೆ ಈಗಲೂ ಮೂಗಿಗೆ ಬೇಕರಿಯ ಬಿಸಿ ವಾಸನೆ ಬಡಿಯುತ್ತದೆ. ಬೇಕರಿಯವನು ಬಾಗಿಲು ತೆರೆಯುವಷ್ಟರಲ್ಲಿ ಭಾವನ ಸವಾರಿ ಹೊರಟಿರುತ್ತಿತ್ತು. ಒಬ್ಬರು ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನುವರು, ಇನ್ನೊಬ್ಬರು ಸೊಸೆ ಮಾತಾಡಿಸುವುದಿಲ್ಲ ಎನ್ನುವರು. ಭಾವ ನಡುರಸ್ತೆಯಲ್ಲಿ ಮಂಡಿಯೂರಿ, ನೆಲಕ್ಕೆ ಕಿವಿಯಿಟ್ಟು, “ಇಲ್ಲೇ ಅಗೀರಿ” ಎನ್ನುವರು. ಅಗೆದಲ್ಲಿ ಸೋರಿಕೆ ಸಿಗುತ್ತಿತ್ತು. ಸೊಸೆಯರ ವಿಚಾರದಲ್ಲಿ ಮಾತ್ರ ಎಲ್ಲಿ ಅಗೆಯಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ.

ಇತ್ತ ಅಕ್ಕ ಮಧ್ಯಾಹ್ನ ಎರಡು ತಟ್ಟೆ ಇಟ್ಟು ಕಾಯುತ್ತಿದ್ದಳು. ಭಾವ ಬರುವುದು ದೀಪ ಹಚ್ಚುವ ಹೊತ್ತಿಗೆ. ಮದುವೆಯಾದಾಗಿನಿಂದ ಇಬ್ಬರೂ ಜೊತೆಗೆ ಕೂತು ಮಧ್ಯಾಹ್ನ ಉಂಡದ್ದೆಂದರೆ ಭಾವನ ಕಾಲು ಮುರಿದಾಗ ಮಾತ್ರ. ಕಾಲು ಕೂಡಿಕೊಂಡಾಗ ಅಕ್ಕ ಅತ್ತಳಂತೆ.

ಕೊನೆಗೊಂದು ಚುನಾವಣೆ ಬಂತು. ಎಂದಿನಂತೆ ಎದುರಾಳಿಯೇ ಇಲ್ಲವೆಂದು ಭಾವ ಮೀಸೆ ತಿರುವುತ್ತಿದ್ದಾಗ, ಅಕ್ಕ ಹೋಗಿ ನಾಮಪತ್ರ ಸಲ್ಲಿಸಿ ಬಂದಳು.

“ಏನೇ ಇದು ಹುಚ್ಚಾಟ?”

“ನಿಮ್ಮ ಹುಚ್ಚು ಬಿಡಿಸೋದಕ್ಕೇ ನಿಂತಿರೋದು. ಸೋತ್ರೆ ಮನೇಲಿ ಕೂತು ಬಿಸಿಬಿಸಿ ಊಟ ಮಾಡಿ.”

“ನನ್ನನ್ನ ಸೋಲಿಸ್ತೀಯಾ? ಈ ಊರಲ್ಲಿ ಕಲ್ಲೂ ನನಗೇ ಓಟು ಹಾಕತ್ತೆ!”

“ಹಾಕತ್ತೆ ಬಿಡಿ. ಕಲ್ಲಿಗೇನು, ಗಂಡನಿಗೆ ಕಾಯೋ ಕಷ್ಟ ಇದ್ಯಾ?”

ನಾನು ಕಿಸಕ್ಕನೆ ನಕ್ಕೆ. ಇಬ್ಬರೂ ಒಟ್ಟಿಗೆ ತಿರುಗಿ, “ನೀನು ಬಾಯ್ಮುಚ್ಕೊಂಡಿರು” ಎಂದರು. ಆ ಚುನಾವಣೆ ಮುಗಿಯುವ ತನಕ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಭಾವನಿಗೆ ಒಳಗೊಳಗೇ ಪುಕಪುಕ. ಜೀಪಿಗೆ ಒರಗಿ, “ಈ ಕೆಲಸ ಹೋದ್ರೆ ಬೆಳಗ್ಗೆ ಎದ್ದು ಯಾವ ಬೀದಿಗೆ ಹೋಗ್ಲೋ?” ಎಂದು ನನ್ನನ್ನು ಕೇಳಿದರು. ಅಷ್ಟು ಸಣ್ಣ ದನಿ ಅವರ ಗಂಟಲಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ನಮ್ಮೂರಿನವರ ದಾಕ್ಷಿಣ್ಯದ ಬಗ್ಗೆ ಹೇಳಲೇಬೇಕು. ಬಾಗಿಲಲ್ಲಿ ಇಬ್ಬರು ಎದುರಾದರೆ “ನೀವು ಮೊದಲು”, “ಅಯ್ಯೋ, ನೀವು ಮೊದಲು” ಎನ್ನುತ್ತ ಅಲ್ಲೇ ಮುದುಕರಾಗಿಬಿಡುತ್ತಾರೆ. ಮತದಾನದ ದಿನ ಅಂಥವರ ತಲೆಯಲ್ಲೆಲ್ಲ ಒಂದೇ ಯೋಚನೆ: ಮೇಯರ್ ಹೇಗೂ ಗೆಲ್ಲುತ್ತಾರೆ, ಪಾಪ, ಮೇಯರಮ್ಮನಿಗೆ ಸೊನ್ನೆ ಬಂದರೆ ಹೇಗೆ ಮುಖ ಎತ್ತಿಕೊಂಡು ಓಡಾಡಿಯಾಳು? ನನ್ನದೊಂದು ಅವಳಿಗಿರಲಿ. ಬೇಕರಿಯವನೂ ಹಾಗೇ ಎಣಿಸಿದ, ದರ್ಜಿಯೂ ಹಾಗೇ ಎಣಿಸಿದ. ನಾನಂತೂ ಸ್ವಂತ ತಮ್ಮ, ಕೇಳಬೇಕೇ?

ಮರುದಿನ ಪುರಭವನದಲ್ಲಿ ಎಣಿಕೆ. ಎಣಿಸಿದ ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಂಡರು, ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದರು. ಅಕ್ಕನಿಗೆ ಊರಿಗೆ ಊರೇ ಓಟು ಹಾಕಿತ್ತು. ಭಾವನಿಗೆ ಒಂದು.

ಒಂದು ಇರುವೆ ಕೆಮ್ಮಿದ್ದರೂ ಕೇಳಿಸುತ್ತಿತ್ತು. ಎಲ್ಲರೂ ತಂತಮ್ಮ ಚಪ್ಪಲಿಗಳನ್ನೇ ನೋಡುತ್ತ ನಿಂತರು. ಭಾವ ಮೆಲ್ಲಗೆ ಎದ್ದರು.

“ನಾನೂ ಇವಳಿಗೇ ಹಾಕ್ದೆ ಕಣ್ರಯ್ಯಾ. ಸೊನ್ನೆ ಬಂದ್ರೆ ನೊಂದ್ಕೋತಾಳೆ ಅಂತ. ಹಾಗಾದ್ರೆ ಈ ಒಂದು ಯಾರದು? ಇಷ್ಟು ವರ್ಷ ದುಡಿದಿದ್ದಕ್ಕೆ ನನ್ನ ಕೈ ಹಿಡಿದ ಆ ಪುಣ್ಯಾತ್ಮ ಯಾರಪ್ಪ? ಮುಂದೆ ಬರ್ಲಿ, ತಬ್ಬಿಕೊಂಡು ಹೋಗ್ತೀನಿ.”



“ಇಷ್ಟು ಜನರ ಎದುರು ತಬ್ಬಿಕೊಳ್ಳೋದೇನೂ ಬೇಡ,” ಎಂದಳು ಅಕ್ಕ.

ಭಾವ ಅವಳನ್ನೇ ನೋಡಿದರು. “ನೀನಾ?”

“ಮತ್ತೆ? ನಿಮ್ಮಷ್ಟು ಚೆನ್ನಾಗಿ ಈ ಊರು ನೋಡ್ಕೊಳ್ಳೋರು ಇನ್ಯಾರಿದಾರೆ ಹೇಳಿ. ಈಗ ಮನೆಗೆ ನಡೀರಿ. ಮೇಯರ್ ಹೇಳ್ತಿದೀನಿ.”

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಬೀದಿಯುದ್ದಕ್ಕೂ ಒಬ್ಬರೂ ನಲ್ಲಿಯ ಮಾತೆತ್ತಲಿಲ್ಲ, ಸೊಸೆಯ ಸುದ್ದಿ ತೆಗೆಯಲಿಲ್ಲ. ಅವರಿಬ್ಬರೂ ಮನೆ ಸೇರಿದಾಗ ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ.