ಮೇಣದ ದಾರದ ಗಂಟು

ಬೆಳಗಿನಿಂದ ಇದು ಆರನೇ ಕಂಪ್ಯೂಟರು. ಬಳ್ಳಾರಿಯ ಕೌಲ್ ಬಜಾರಿನ ಇಕ್ಕಟ್ಟು ಅಂಗಡಿಯಲ್ಲಿ ದಾದಾಪೀರನ ಬೆನ್ನು ಮಧ್ಯಾಹ್ನಕ್ಕೇ ಮುಷ್ಕರ ಹೂಡಿತ್ತು. ಇಪ್ಪತ್ತು ವರ್ಷದಿಂದ ಜನರ ಕೆಟ್ಟ ಮಷಿನ್‌ಗಳನ್ನು ಬಿಚ್ಚಿ ಜೋಡಿಸಿ ಅವನಿಗೆ ಸಾಕುಬೇಕಾಗಿಹೋಗಿತ್ತು. ಅಷ್ಟರಲ್ಲಿ ಸಿರುಗುಪ್ಪದ ಜಯಶ್ರೀ ಬಂದಳು. ಮದುವೆ ವಿಡಿಯೊ ಎಡಿಟ್ ಮಾಡುವವಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ ಹಳೆ ಡೆಸ್ಕ್‌ಟಾಪನ್ನು ಮೇಜಿನ ಮೇಲಿಟ್ಟಳು.

"ನಿನ್ನೆ ಮಧ್ಯಾಹ್ನ ಒಳಗಿಂದ ಹೊಗಿ ಬಂತಣ್ಣ. ಪ್ಲಗ್ ಕಿತ್ತು ಒಗದೆ. ಪಕ್ಕದಾಗ ನನ್ನ ಮಗಳು ಮಲಗಿದ್ಲು."

ದಾದಾಪೀರ್ ಬದಿಯ ತಗಡು ಬಿಚ್ಚಿದ. ಒಳಗೆ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು. ಅದಕ್ಕೆ ಕರೆಂಟು ಕೊಡಲು ಓಬಿರಾಯನ ಕಾಲದ, ನಾನೂರೈವತ್ತು ವ್ಯಾಟಿನ ಎಸ್‌ಎಂಪಿಎಸ್ ಡಬ್ಬಿ. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರು ಅದರಲ್ಲಿ ಇಲ್ಲವೇ ಇಲ್ಲ. ಯಾರೋ ಮಹಾನುಭಾವ ಹಾರ್ಡ್ ಡಿಸ್ಕಿನ ಸಣ್ಣ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಕೈ ತೊಳೆದುಕೊಂಡಿದ್ದ. ಅದು ಕರಗಿ ಕಪ್ಪಾಗಿತ್ತು.

"ಕಾರ್ಡ್ ಒಂದೇ ಮುನ್ನೂರು ವ್ಯಾಟ್ ಎಳೀತೈತಿ. ಈ ವೈರು ಐವತ್ತು ತಡಕೊಂಡ್ರ ಹೆಚ್ಚು. ಏಳುನೂರೈವತ್ತರ ಹೊಸಾ ಎಸ್‌ಎಂಪಿಎಸ್ ಬೇಕು, ಅದರಿಂದ ಕಾರ್ಡಿಗೆ ಎರಡು ಬ್ಯಾರೆ ಬ್ಯಾರೆ ವೈರು ಬರ್ಬೇಕು. ಯಾರು ಮಾಡ್ಯಾರ್ರಿ ಇದನ್ನ? ಇಂಥವ್ರನ್ನ ಸ್ಕ್ರೂಡ್ರೈವರ್ ಮುಟ್ಟಾಕ ಬಿಡಬಾರ್ದು."

"ಗೊತ್ತಿಲ್ಲಣ್ಣ. ಕುರುಗೋಡಿನ ಹೊನ್ನೂರಸ್ವಾಮಿ ಸ್ಟುಡಿಯೊ ಮುಚ್ಚಿದಾಗ ಹಿಂಗೇ ತಗೊಂಡಿದ್ದೆ."

ಆ ಹಳೆ ಗಿರಾಕಿಯ ಹೆಸರಿಗೆ ದಾದಾಪೀರನ ಕೈ ನಿಂತಿತು. ವೈರನ್ನು ಬೆಳಕಿಗೆ ಹಿಡಿದ. ಮಸಿಯ ಕೆಳಗೆ ಮೇಣ ಹಚ್ಚಿದ ದಾರದ ಗಂಟು. ಜಟಕಾ ಕುದುರೆಗಳ ಜೀನು ಹೊಲಿಯುತ್ತಿದ್ದ ಅವನಪ್ಪ ಕರೀಮಸಾಬ್ ಕಲಿಸಿದ್ದು. ಎಲ್ಲರೂ ವೈರುಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದರೆ ದಾದಾಪೀರನೊಬ್ಬ ದಾರ ಕಟ್ಟುತ್ತಿದ್ದ. ಈ ಗಂಟು ಬಳ್ಳಾರಿಯಲ್ಲಿ ಇನ್ನೊಬ್ಬನಿಗೆ ಬರುವುದಿಲ್ಲ ಎಂದು ಜಂಭವನ್ನೂ ಕೊಚ್ಚಿಕೊಂಡಿದ್ದ.

ಕತ್ತರಿ ಪಕ್ಕದಲ್ಲೇ ಇತ್ತು. ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು.

"ಇದು ನಾನೇ ಮಾಡಿದ್ದು, ಅಕ್ಕಾರ," ಎಂದ. "ಹೊಸಾ ಎಸ್‌ಎಂಪಿಎಸ್ ತರೂತನ ನಡೀಲಿ ಅಂತ ಕಟ್ಟಿಕೊಟ್ಟೆ. ಹೊನ್ನೂರಸ್ವಾಮಿಯವ್ರು ತರಲಿಲ್ಲ, ನಾನೂ ಕೇಳಲಿಲ್ಲ."

ಜಯಶ್ರೀ ಬಗ್ಗಿ ಆ ಕರಗಿದ ವೈರನ್ನು ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹಿಂಗ ಇನ್ನೂ ಎಷ್ಟು ಕಟ್ಟಿಕೊಟ್ಟೀರಿ?" ಎಂದು ಕೇಳಿದಳು.

ದಾದಾಪೀರ್ ಬೆರಳು ಮಡಿಸತೊಡಗಿದ. ಪಾರ್ವತಿನಗರದಲ್ಲಿ ಒಂದು. ಬ್ರೂಸ್‌ಪೇಟೆಯ ಆಲ್ಬಂ ಅಂಗಡಿಯದು. ಸಿರುಗುಪ್ಪದಲ್ಲೇ ಎರಡು. ಇನ್ನೂ ನೆನಪಾಗುತ್ತಲೇ ಹೋದವು, ಒಂದು ಕೈ ಸಾಲಲಿಲ್ಲ. ಎಣಿಸುವುದು ಬಿಟ್ಟು ಫೋನ್ ಎತ್ತಿಕೊಂಡು, ಮೊದಲು ನೆನಪಾದ ಗಿರಾಕಿಗೆ ಹಚ್ಚಿದ.

"ದಾದಾಪೀರ್ ಮಾತಾಡ್ತೀನ್ರಿ. ಮಷಿನ್ ಆಫ್ ಮಾಡಿ ಪ್ಲಗ್ ಕೀಳ್ರಿ, ನಾ ಬರಾಕತ್ತೀನಿ," ಎಂದ. ಆಮೇಲೆ ಜಯಶ್ರೀಯ ಮುಖ ನೋಡದೆ ಫೋನಿನಲ್ಲೇ ಕೇಳಿದ: "ಆ ರೂಮಿನಾಗ ಯಾರರ ಮಲಗ್ತಾರೇನ್ರಿ?"